ಅರ್ಧ ಕಥೆಗೆ ಪೂರ್ತಿ ಟಿಕೆಟ್

2021ರ ಅಕ್ಟೋಬರಿನಲ್ಲಿ ರಾಜ್ಯದ ಚಿತ್ರಮಂದಿರಗಳು ಪೂರ್ಣ ಆಸನಗಳೊಂದಿಗೆ ಮತ್ತೆ ತೆರೆದ ಮೇಲೆ ನಾನು ಮತ್ತು ನನ್ನ ಪತ್ನಿ ಮೊದಲು ನೋಡಿದ ಚಿತ್ರ ಹಾಲಿವುಡ್‌ನ ‘ಡ್ಯೂನ್’. ಒಂದೂವರೆ ವರ್ಷ ಮನೆಯೊಳಗೇ ಕುಳಿತಿದ್ದ ನಮಗೆ ಆಗ ಯಾವ ಚಿತ್ರವಾದರೂ ಸರಿಯೇ ಇತ್ತು. ಆದರೂ ಆ ಆಯ್ಕೆ ನನ್ನದೇ. ಅಮೆರಿಕದ ಲೇಖಕ ಫ್ರ್ಯಾಂಕ್ ಹರ್ಬರ್ಟ್ 1965ರಲ್ಲಿ ಪ್ರಕಟಿಸಿದ ಆ ದಪ್ಪ ಕಾದಂಬರಿಯನ್ನು ನಾನು ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದಾಗ ಹಾಸ್ಟೆಲಿನ ಗೆಳೆಯನೊಬ್ಬನಿಂದ ಎರವಲು ಪಡೆದು ಓದಿದ್ದೆ. ನೀರಿಲ್ಲದ ಒಂದು ಗ್ರಹ, ಅಲ್ಲಿ ಮಾತ್ರ ದೊರೆಯುವ ಒಂದು ಸಂಬಾರ ಪದಾರ್ಥ, ಅದರ ಏಕಸ್ವಾಮ್ಯಕ್ಕಾಗಿ ಪಾಳೆಯಗಾರರಂಥ ಮನೆತನಗಳ ಕಾದಾಟ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಹಿಡಿಸದೇ ಇರುವ ಕಥೆಯಲ್ಲ.

ಎರಡು ಗಂಟೆ ಮೂವತ್ತೈದು ನಿಮಿಷ ಕಳೆದವು. ತಂದೆಯನ್ನು ಕಳೆದುಕೊಂಡ ತರುಣ ಪಾಲ್ ತಾಯಿಯೊಡನೆ ಮರುಭೂಮಿಗೆ ಓಡಿಹೋಗಿ, ಅಲ್ಲಿನ ಜನರ ಪೈಕಿ ಒಬ್ಬನನ್ನು ದ್ವಂದ್ವಯುದ್ಧದಲ್ಲಿ ಕೊಂದು, ಉಳಿದವರ ಜೊತೆ ಹೆಜ್ಜೆ ಹಾಕುವಷ್ಟರಲ್ಲಿ ಚಿತ್ರ ಮುಗಿದು ದೀಪಗಳು ಹತ್ತಿದವು. ಪತ್ನಿ ಮುಖಗವಸನ್ನು ಸರಿಪಡಿಸಿಕೊಳ್ಳುತ್ತ, “ಇಷ್ಟೇನಾ? ಮುಂದೆ ಆ ಹುಡುಗ ಏನಾಗ್ತಾನ್ರೀ?” ಎಂದಳು. “ಎರಡನೇ ಭಾಗ ಬರುತ್ತೆ, ಆಗ ನೋಡೋಣ” ಎಂದೆ. “ನೀವು ಪುಸ್ತಕ ಓದಿದ್ದೀರಲ್ಲ, ಹೇಳಿ” ಎಂದು ಕಾರಿನವರೆಗೂ ಕೇಳುತ್ತಲೇ ಬಂದಳು. ಕೊನೆಯನ್ನು ಮೊದಲೇ ಹೇಳಿಬಿಡುವುದು ಮಹಾಪರಾಧವೆಂದು ಮೊಮ್ಮಗಳಿಂದ ಪಾಠ ಹೇಳಿಸಿಕೊಂಡಿದ್ದ ನಾನು ಹೇಳಲಿಲ್ಲ.

ಆ ಚಿತ್ರದ ಭಿತ್ತಿಚಿತ್ರಗಳಲ್ಲಿ ‘ಡ್ಯೂನ್’ ಎಂದಷ್ಟೇ ಇತ್ತು. ‘ಭಾಗ ಒಂದು’ ಎಂಬ ಮಾತು ಕಾಣಿಸಿಕೊಂಡದ್ದು ಪರದೆಯ ಮೇಲೆ, ಅಂದರೆ ಹಣ ತೆತ್ತು, ಕುರ್ಚಿಯಲ್ಲಿ ಕುಳಿತು, ದೀಪ ಆರಿದ ಮೇಲೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಚಿತ್ರ ತೆರೆಕಂಡ ದಿನ ಎರಡನೆಯ ಭಾಗಕ್ಕೆ ನಿರ್ಮಾಣ ಸಂಸ್ಥೆಯ ಒಪ್ಪಿಗೆಯೇ ಪ್ರಕಟವಾಗಿರಲಿಲ್ಲ. ಅಮೆರಿಕದ ಮೊದಲ ವಾರಾಂತ್ಯದ ಗಳಿಕೆ ನೋಡಿಕೊಂಡು, ಕೆಲವೇ ದಿನಗಳ ನಂತರ ಅದನ್ನು ಘೋಷಿಸಿದರು. ಮೂರೂವರೆ ದಶಕ ಸರ್ಕಾರಿ ಸೇವೆಯಲ್ಲಿದ್ದವನಿಗೆ ಇದು ಪರಿಚಿತ ವ್ಯಾಧಿ. ಆಡಳಿತಾತ್ಮಕ ಮಂಜೂರಾತಿ ಇಲ್ಲದೆ ಸೇತುವೆಯನ್ನು ನದಿಯ ಮಧ್ಯದವರೆಗೆ ಕಟ್ಟಿ, ಉಳಿದದ್ದಕ್ಕೆ ಅನುದಾನ ಬಂದರೆ ನೋಡೋಣ ಎನ್ನುವ ಪದ್ಧತಿ ನಮ್ಮಲ್ಲೂ ಇತ್ತು. ವ್ಯತ್ಯಾಸವೆಂದರೆ ಅರ್ಧ ಸೇತುವೆಗೆ ನಾವು ಪೂರ್ಣ ಸುಂಕ ವಸೂಲು ಮಾಡುತ್ತಿರಲಿಲ್ಲ.

ನಾನು ಸಿನಿಮಾ ವಿಮರ್ಶಕನಲ್ಲ. ಅಭಿಮಾನಿ ಎಂದು ಹೇಳಿಕೊಳ್ಳುವಷ್ಟು ನಿಷ್ಠೆಯೂ ನನಗಿಲ್ಲ. ಬಿಡುವಾದಾಗ ಹೋಗುತ್ತೇನೆ, ಚೆನ್ನಾಗಿದ್ದರೆ ಸಂತೋಷಪಡುತ್ತೇನೆ, ಮರುವಾರಕ್ಕೆ ಪಾತ್ರಗಳ ಹೆಸರು ಮರೆಯುತ್ತೇನೆ. ಹದಿನಾರರ ಮೊಮ್ಮಗಳ ದೃಷ್ಟಿಯಲ್ಲಿ ಇಂಥವನಿಗೆ ಅಭಿಪ್ರಾಯ ಹೇಳುವ ಹಕ್ಕೇ ಇಲ್ಲ. 2019ರಲ್ಲಿ, ಅವಳಿಗೆ ಹತ್ತು ವರ್ಷವಾಗಿದ್ದಾಗ, ‘ಅವೆಂಜರ್ಸ್: ಎಂಡ್‌ಗೇಮ್’ ನೋಡಲು ನನ್ನನ್ನು ಕರೆದೊಯ್ದಿದ್ದಳು. ಮೂರು ಗಂಟೆಯ ಆ ಚಿತ್ರದಲ್ಲಿ ಸುತ್ತಲಿನ ಹುಡುಗರು ಎದ್ದು ನಿಂತು ಕೂಗಿದರು, ಕೆಲವರು ಅತ್ತರು. ನನಗೆ ಅಳು ಬರಲಿಲ್ಲ. ಸತ್ತವರು ಯಾರೆಂದೇ ತಿಳಿದಿರಲಿಲ್ಲ. ಹೊರಗೆ ಬಂದು ಹಾಗೆಂದಾಗ ಅವಳು ಬಹಳ ಗಂಭೀರವಾಗಿ, “ತಾತ, ಇದು ಇಪ್ಪತ್ತೆರಡನೇ ಸಿನಿಮಾ. ನೀವು ಮೊದಲಿನ ಇಪ್ಪತ್ತೊಂದು ನೋಡಿಲ್ಲ” ಎಂದಳು.

ಅವಳ ಲೆಕ್ಕ ಸರಿ. 2008ರ ‘ಐರನ್ ಮ್ಯಾನ್’ನಿಂದ ಎಣಿಸಿದರೆ ಅದು ಇಪ್ಪತ್ತೆರಡನೆಯದೇ. ಆದರೆ ಕಚೇರಿಯಲ್ಲಿ ನನಗೆ ಮೊದಲು ಕಲಿಸಿದ ನಿಯಮವೊಂದಿದೆ. ಮೇಲಧಿಕಾರಿಗೆ ಮಂಡಿಸುವ ಟಿಪ್ಪಣಿ ಸ್ವಯಂಪೂರ್ಣವಾಗಿರಬೇಕು. ‘ಹಿಂದಿನ ಕಡತ ನೋಡುವುದು’ ಎಂದು ಬರೆದು ಕೈತೊಳೆದುಕೊಳ್ಳುವ ಗುಮಾಸ್ತನ ಟಿಪ್ಪಣಿಯನ್ನು ನನ್ನ ಮೊದಲ ಮೇಲಧಿಕಾರಿ ಓದದೆಯೇ ಹಿಂದಿರುಗಿಸುತ್ತಿದ್ದರು. ಹಿಂದಿನ ಕಡತ ಇದ್ದೇ ಇರುತ್ತದೆ, ಅದರ ಸಾರವನ್ನು ನಾಲ್ಕು ಸಾಲಿನಲ್ಲಿ ಹೇಳುವುದು ನಿನ್ನ ಕೆಲಸ ಎನ್ನುವುದು ಅವರ ವಾದ. ಇಪ್ಪತ್ತೊಂದು ಕಡತಗಳನ್ನು ತಿರುವಿಹಾಕಿದ ಮೇಲೆ ಮಾತ್ರ ಅರ್ಥವಾಗುವ ಟಿಪ್ಪಣಿಯನ್ನು ಕಂಡಿದ್ದರೆ ಅವರು ಏನು ಮಾಡುತ್ತಿದ್ದರೋ.

ಸರಣಿ ಚಿತ್ರಗಳೆಲ್ಲ ಹೀಗೆಯೇ ಇರಬೇಕೆಂಬ ನಿಯಮವೇನೂ ಇಲ್ಲ. 1968ರಲ್ಲಿ, ನನಗೆ ಹತ್ತು ವರ್ಷವಾಗಿದ್ದಾಗ, ದೊರೆ-ಭಗವಾನ್ ನಿರ್ದೇಶನದ ‘ಜೇಡರ ಬಲೆ’ ಬಂತು. ಜೇಮ್ಸ್ ಬಾಂಡ್‌ನ ಮಾದರಿಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆಗಿದ್ದರು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ಒಂಬತ್ತು ವರ್ಷಗಳ ಬಿಡುವಿನ ನಂತರ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಫ್ರಾಂಚೈಸಿ ಎಂಬ ಪದವನ್ನು ಆಗ ಯಾರೂ ಬಳಸುತ್ತಿರಲಿಲ್ಲ, ಆದರೆ ಕನ್ನಡಕ್ಕೊಂದು ಫ್ರಾಂಚೈಸಿ ಇತ್ತು. ನಮ್ಮೂರಿನ ಟೆಂಟಿಗೆ ಅವು ಬಿಡುಗಡೆಯ ಕ್ರಮದಲ್ಲಿ ಬರಲಿಲ್ಲ. ಯಾವ ಪ್ರಿಂಟು ಸಿಕ್ಕಿತೋ ಅದು ಬಂತು. ನಾನು ಮೊದಲು ನೋಡಿದ್ದು ಗೋವಾದ್ದು, ಆಮೇಲೆ ಜೇಡರ ಬಲೆ. ಒಂದಿಷ್ಟೂ ತೊಂದರೆಯಾಗಲಿಲ್ಲ. ಕಳ್ಳರು ಸಿಕ್ಕಿಬಿದ್ದರು, ನಾಯಕ ಗೆದ್ದ, ಮಣ್ಣು ಕೊಡವಿಕೊಂಡು ಮನೆಗೆ ಬಂದೆವು. ಒಂದು ಟಿಕೆಟಿಗೆ ಒಂದು ಕಥೆ.

ಮೂಲ ಬಾಂಡ್ ಕೂಡ ಬಹುಕಾಲ ಹೀಗೆಯೇ ಇದ್ದ. ಇಯಾನ್ ಫ್ಲೆಮಿಂಗ್‌ನ ಕಾದಂಬರಿಗಳು ಪ್ರಕಟವಾದ ಕ್ರಮ ಒಂದು, ಚಿತ್ರಗಳ ಕ್ರಮ ಇನ್ನೊಂದು. 1953ರ ಮೊದಲ ಕಾದಂಬರಿ ‘ಕ್ಯಾಸಿನೊ ರಾಯಲ್’ ಈ ಅಧಿಕೃತ ಸರಣಿಯೊಳಗೆ ಚಿತ್ರವಾದದ್ದು 2006ರಲ್ಲಿ. ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ಡೇನಿಯಲ್ ಕ್ರೇಗ್ ಬಂದ ಮೇಲೆ ಆ ಸರಣಿಗೂ ಧಾರಾವಾಹಿಯ ಸೋಂಕು ತಗುಲಿತು. 2021ರ ಇಪ್ಪತ್ತೈದನೆಯ ಚಿತ್ರದ ಕೊನೆಯಲ್ಲಿ ಬಾಂಡ್ ಸತ್ತೇಹೋಗುತ್ತಾನೆ. ಹೆಸರುಗಳ ಪಟ್ಟಿ ಮುಗಿದ ಮೇಲೆ, ಬಾಂಡ್ ಮರಳಿ ಬರುತ್ತಾನೆ ಎಂಬ ಎಂದಿನ ಸಾಲು ಮೂಡುತ್ತದೆ. ಸಾವಿಗೂ ಅಂತಿಮತೆ ಇಲ್ಲದ ವ್ಯವಹಾರ!

ಹೀಗೇಕೆ ಎಂಬುದಕ್ಕೆ ಉತ್ತರ ಕಠಿಣವೇನಲ್ಲ. ಸಿನಿಮಾದಷ್ಟು ಅನಿಶ್ಚಿತವಾದ ಸರಕು ಇನ್ನೊಂದಿಲ್ಲ. ಕೊಳ್ಳುವವನು ನೋಡಿ ಮುಗಿಸುವವರೆಗೆ ಅದರ ಗುಣ ಅವನಿಗೂ ತಿಳಿಯದು, ಮಾರುವವನಿಗೂ ತಿಳಿಯದು. ಹದಿನೈದು ಇಪ್ಪತ್ತು ಕೋಟಿ ಡಾಲರ್ ಹೂಡುವವನು ಪರಿಚಿತ ಹೆಸರಿಗೆ ಜೋತುಬೀಳುವುದು ಸಹಜ. ಡಿಸ್ನಿ ಸಂಸ್ಥೆ 2009ರಲ್ಲಿ ಮಾರ್ವೆಲ್‌ಗೆ ಸುಮಾರು 400 ಕೋಟಿ ಡಾಲರ್ ಕೊಟ್ಟದ್ದು, 2012ರಲ್ಲಿ ‘ಸ್ಟಾರ್ ವಾರ್ಸ್’ನ ಒಡೆತನವುಳ್ಳ ಲ್ಯೂಕಾಸ್‌ಫಿಲ್ಮ್‌ಗೆ ಹೆಚ್ಚುಕಡಿಮೆ ಅಷ್ಟೇ ಮೊತ್ತ ಕೊಟ್ಟದ್ದು ಕಟ್ಟಡ ಯಂತ್ರಗಳಿಗಲ್ಲ, ಹೆಸರುಗಳಿಗೆ. ಅಷ್ಟು ಕೊಟ್ಟು ಕೊಂಡ ಹಸುವಿನ ಹಾಲು ಬತ್ತಲು ಯಾರು ಬಿಟ್ಟಾರು? ನೋಡುಗನ ಕಡೆಯಿಂದ ಇದನ್ನು ಕಾಯುವುದು ಅರ್ಥಶಾಸ್ತ್ರಜ್ಞರು ಮುಳುಗಿದ ವೆಚ್ಚ ಎನ್ನುವ ಮನೋಧರ್ಮ. ಇಪ್ಪತ್ತೊಂದು ನೋಡಿದ್ದೇನೆ, ಇಪ್ಪತ್ತೆರಡನೆಯದನ್ನು ಬಿಡುವುದು ಹೇಗೆ? ನನ್ನಂಥ ಬಿಡುವಿನ ಪ್ರೇಕ್ಷಕನಿಗೆ ಮುಳುಗಿದ್ದೇನೂ ಇಲ್ಲ. ಆದ್ದರಿಂದಲೇ ಅವನ ತೀರ್ಪಿಗೆ ಸ್ವಲ್ಪ ಬೆಲೆಯಿದೆ ಎಂಬುದು ಮೊಮ್ಮಗಳಿಗೆ ನಾನು ಕೊಡುವ ಉತ್ತರ. ಅವಳು ಒಪ್ಪಿಲ್ಲ.

ಕಾದಂಬರಿಯಿಂದ ಬಂದ ಸರಣಿಗಳಲ್ಲಿ ಒಂದು ಸಮಾಧಾನವಿತ್ತು. ಪುಸ್ತಕಕ್ಕೆ ಕೊನೆಯ ಪುಟವಿದೆ. ನಿರ್ಮಾಪಕ ಎಷ್ಟೇ ಎಳೆದರೂ ಒಂದು ದಿನ ಅಲ್ಲಿಗೆ ಬರಲೇಬೇಕು ಎಂದುಕೊಂಡಿದ್ದೆವು. ಆ ನಂಬಿಕೆಗೂ ಕೊಡಲಿಯೇಟು ಬಿತ್ತು. ಹ್ಯಾರಿ ಪಾಟರ್‌ನ ಏಳು ಪುಸ್ತಕಗಳು ಎಂಟು ಚಿತ್ರಗಳಾದವು. ಏಳನೆಯದನ್ನು ಒಡೆದು 2010ರಲ್ಲಿ ಅರ್ಧ, 2011ರಲ್ಲಿ ಅರ್ಧ ಕೊಟ್ಟರು. ಲಾಭ ಕಂಡ ಮೇಲೆ ಅದೇ ಪದ್ಧತಿಯಾಯಿತು. ‘ಟ್ವೈಲೈಟ್’ನ ಕೊನೆಯ ಪುಸ್ತಕ ಎರಡಾಯಿತು, ‘ಹಂಗರ್ ಗೇಮ್ಸ್’ನ ಕೊನೆಯದೂ ಎರಡಾಯಿತು. ‘ಡೈವರ್ಜೆಂಟ್’ ಎಂಬ ಸರಣಿಯವರೂ ಕೊನೆಯ ಪುಸ್ತಕವನ್ನು ಒಡೆದರು. ಮೊದಲರ್ಧ 2016ರಲ್ಲಿ ಬಂದು ಸೋತಿತು. ಉತ್ತರಾರ್ಧವನ್ನು ತೆಗೆಯಲೇ ಇಲ್ಲ. ಮೂರು ಟಿಕೆಟು ಕೊಂಡು ಮೂರು ಚಿತ್ರ ನೋಡಿದ ಮಕ್ಕಳಿಗೆ ಕಥೆ ಎಲ್ಲಿ ಮುಟ್ಟಿತೆಂದು ತೋರಿಸುವ ಹೊಣೆ ಯಾರಿಗೂ ಇರಲಿಲ್ಲ. ವಿಲೇವಾರಿಯಾಗದ ಕಡತವನ್ನು ಕಪಾಟಿನ ಹಿಂದೆ ನೂಕಿದ ಹಾಗೆ.

‘ಲಾರ್ಡ್ ಆಫ್ ದ ರಿಂಗ್ಸ್’ನ ಪೀಟರ್ ಜಾಕ್ಸನ್ ಈ ವಿಷಯದಲ್ಲಿ ನನಗೆ ಒಂದು ಒಗಟು. ನ್ಯೂಜಿಲೆಂಡಿನಲ್ಲಿ ಮೂರೂ ಭಾಗಗಳ ಮುಖ್ಯ ಚಿತ್ರೀಕರಣವನ್ನು ಒಟ್ಟಿಗೆ ಮುಗಿಸಿಕೊಂಡು, 2001ರಿಂದ 2003ರವರೆಗೆ ವರ್ಷಕ್ಕೊಂದರಂತೆ ತಪ್ಪದೆ ಕೊಟ್ಟ. ಮೊದಲ ಭಾಗವನ್ನು ಬೆಂಗಳೂರಿನಲ್ಲಿ ಕುಟುಂಬದೊಡನೆ ನೋಡಿದೆ; ಎರಡನೆಯದು ಬರುವಾಗ ನನಗೆ ವರ್ಗಾವಣೆಯಾಗಿತ್ತು, ಆ ಊರಿಗೆ ಅದು ಬರಲಿಲ್ಲ. ಮೂರನೆಯದನ್ನು ರಜೆಯಲ್ಲಿ ಬಂದಾಗ ನೋಡಿದೆ. ನಡುವಿನದು ತಪ್ಪಿದ್ದರೂ ಉಂಗುರ ಬೆಂಕಿಗೆ ಬೀಳುವಾಗ ಉಸಿರು ಬಿಗಿಹಿಡಿದೆ. ಅದಕ್ಕೆ ಹನ್ನೊಂದು ಆಸ್ಕರ್ ಬಂದದ್ದು ನ್ಯಾಯ. ಅದೇ ಮನುಷ್ಯ ಹತ್ತು ವರ್ಷಗಳ ನಂತರ, ಟೋಲ್ಕೀನ್ ಮಕ್ಕಳಿಗಾಗಿ ಬರೆದ 1937ರ ‘ದ ಹಾಬಿಟ್’ ಎಂಬ ಒಂದೇ ಪುಟ್ಟ ಪುಸ್ತಕವನ್ನು ಕೈಗೆತ್ತಿಕೊಂಡು, ಎರಡು ಚಿತ್ರವೆಂದು ಹೇಳಿ, ಬಿಡುಗಡೆಯ ವರ್ಷ ಅದನ್ನು ಮೂರಕ್ಕೆ ಏರಿಸಿದ. ಒಟ್ಟು ಏಳು ಗಂಟೆ ಐವತ್ತನಾಲ್ಕು ನಿಮಿಷ. ಆ ಪುಸ್ತಕವನ್ನು ಮಗುವಿಗೆ ಗಟ್ಟಿಯಾಗಿ ಓದಿ ಹೇಳಿದರೂ ಅದಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿಯಲಾರದು. ಒಂದು ಸೇರು ಹಾಲಿಗೆ ಎಷ್ಟು ಕೊಡ ನೀರು ಬೆರೆಸಬಹುದೆಂಬುದಕ್ಕೆ ಉದಾಹರಣೆ ಬೇಕಾದವರು ಎರಡನೆಯ ಭಾಗವನ್ನು ನೋಡಬಹುದು.

ಇದಕ್ಕೆ ತದ್ವಿರುದ್ಧವಾದದ್ದು ನಮ್ಮಲ್ಲಿ ನಡೆದಿದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ‘ನಾಗರಹಾವು’ ಮಾಡಿದರು. ಕಾದಂಬರಿಕಾರರಿಗೆ ಅದು ಹಿಡಿಸಲಿಲ್ಲ, ನಾಗರಹಾವು ಕೇರೆಹಾವಾಯಿತೆಂದು ಅವರು ಬೇಸರಪಟ್ಟರೆಂಬುದು ಪ್ರಸಿದ್ಧ. ಕೃತಿಕಾರನ ನೋವು ನಿಜ, ಪುಸ್ತಕ ಓದಿದ ಮೇಲೆ ನನಗೂ ಅದು ಅರ್ಥವಾಗಿದೆ. ಆದರೆ ಹದಿನಾಲ್ಕು ವರ್ಷದ ಹುಡುಗನಾಗಿ ಬೆಂಚಿನ ಮೇಲೆ ಕುಳಿತಿದ್ದ ನನಗೆ ಆ ಚಿತ್ರ ಏನನ್ನೂ ಬಾಕಿ ಉಳಿಸಲಿಲ್ಲ. ಚಾಮಯ್ಯ ಮೇಷ್ಟ್ರು ಹೋದರು, ರಾಮಾಚಾರಿ ಮಾರ್ಗರೆಟ್ಟಳ ಕೈಹಿಡಿದು ಕೋಟೆಯ ಬಂಡೆಯಿಂದ ಧುಮುಕಿದ. ಆ ರಾತ್ರಿ ನಿದ್ದೆ ಬರಲಿಲ್ಲ. ನಿದ್ದೆಗೆಡಿಸಿದ್ದು ‘ಮುಂದೇನು’ ಎಂಬ ಪ್ರಶ್ನೆಯಲ್ಲ, ‘ಹೀಗಾಯಿತಲ್ಲ’ ಎಂಬ ಸಂಕಟ. ಇವೆರಡರ ನಡುವೆ ಬಹಳ ಅಂತರವಿದೆ. ಮೊದಲನೆಯದು ಕುತೂಹಲ, ಎರಡನೆಯದು ಕಥೆ.

ನ್ಯಾಯವಾಗಿ ಹೇಳಬೇಕಾದರೆ ಒಡೆಯುವುದೆಲ್ಲ ದುರಾಸೆಯೇ ಅಲ್ಲ. ಇದೇ ‘ಡ್ಯೂನ್’ ಅನ್ನು 1984ರಲ್ಲಿ ಡೇವಿಡ್ ಲಿಂಚ್ ಎರಡು ಗಂಟೆ ಹದಿನೇಳು ನಿಮಿಷಗಳ ಒಂದೇ ಚಿತ್ರಕ್ಕೆ ತುರುಕಿ ಸೋತರು. ಪಾತ್ರಗಳು ಬಂದು ಹೆಸರು ಹೇಳುವಷ್ಟರಲ್ಲಿ ಸಾಯುತ್ತವೆ. ದೆನಿ ವಿಲ್‌ನ್ಯೂವ್ ಎರಡು ಭಾಗ ಕೇಳಿದ್ದರಲ್ಲಿ ತಪ್ಪಿಲ್ಲ. ನನ್ನ ತಕರಾರು ಒಡೆದದ್ದಕ್ಕಲ್ಲ, ಒಡೆದದ್ದನ್ನು ಬಾಗಿಲಲ್ಲಿ ಹೇಳದಿದ್ದುದಕ್ಕೆ. ಈ ವಿಷಯದಲ್ಲಿ ನಮ್ಮವರೇ ಮೇಲು. 2015ರ ‘ಬಾಹುಬಲಿ’ ಹೆಸರಿನಲ್ಲೇ ತಾನು ಆರಂಭ ಮಾತ್ರ ಎಂದಿತ್ತು. ಕಟ್ಟಪ್ಪ ಏಕೆ ಕೊಂದನೆಂದು ಎರಡು ವರ್ಷ ತಲೆಕೆಡಿಸಿಕೊಂಡವರು ಗೊತ್ತಿದ್ದೇ ಕೆಡಿಸಿಕೊಂಡರು. 2018ರ ‘ಕೆಜಿಎಫ್’ ಭಿತ್ತಿಚಿತ್ರದಲ್ಲೇ ‘ಚಾಪ್ಟರ್ 1’ ಎಂದು ಸಾರಿತ್ತು. (2022ರ ಎರಡನೆಯದರಲ್ಲಿ ನಾಯಕ ಚಿನ್ನದೊಡನೆ ಸಮುದ್ರದಲ್ಲಿ ಮುಳುಗಿದ ಮೇಲೂ ಮೂರನೆಯ ಅಧ್ಯಾಯದ ಹಸ್ತಪ್ರತಿ ತೋರಿಸಿದ್ದು ಬೇರೆ ಮಾತು.) ‘ಕಾಂತಾರ’ದವರದು ಮಾತ್ರ ವಿಚಿತ್ರ ಗಣಿತ. 2022ರಲ್ಲಿ ಬಂದ ಮೊದಲ ಚಿತ್ರಕ್ಕೆ ಸಂಖ್ಯೆಯಿಲ್ಲ, 2025ರಲ್ಲಿ ಬಂದ ಎರಡನೆಯದಕ್ಕೆ ‘ಚಾಪ್ಟರ್ 1’ ಎಂದು ಹೆಸರು. ಇರಲಿ, ಅಲ್ಲಿ ಕಥೆಯೇ ಹಿಂದಕ್ಕೆ ಹೋಗುತ್ತದೆ.

ಎರಡು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೂ ನಿವ್ವಳ ತೂಕ ಮುದ್ರಿಸಬೇಕೆಂದು ಕಾನೂನಿದೆ; ನೋಡಿಕೊಳ್ಳಲು ಕಾನೂನು ಮಾಪನಶಾಸ್ತ್ರ ಇಲಾಖೆಯೇ ಇದೆ. ಮುನ್ನೂರು ನಾನೂರು ರೂಪಾಯಿಯ ಸಿನಿಮಾ ಟಿಕೆಟಿನ ಮೇಲೆ ಕುರ್ಚಿಯ ಸಂಖ್ಯೆ, ತೆರಿಗೆಯ ವಿವರ ಎಲ್ಲವೂ ಇರುತ್ತದೆ, ಒಳಗಿರುವುದು ಇಡೀ ಕಥೆಯೋ ಅರ್ಧವೋ ಎಂಬುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಗಳ ಮಿತಿ ವಿಧಿಸಿತು, ಅದೇ ತಿಂಗಳು ಉಚ್ಚ ನ್ಯಾಯಾಲಯ ಅದಕ್ಕೆ ಮಧ್ಯಂತರ ತಡೆ ನೀಡಿತು. ದರದ ಬಗೆಗೆ ಇಷ್ಟು ಚರ್ಚೆ ನಡೆಯಿತು. ಆ ದರಕ್ಕೆ ದೊರೆಯುವುದೇನು ಎಂಬ ಬಗ್ಗೆ ಒಬ್ಬರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ‘ಭಾಗ 1’ ಎಂಬ ಎರಡು ಅಕ್ಷರ ಒಂದು ಅಂಕಿ ಮುದ್ರಿಸಲು ಯಾವ ಖರ್ಚೂ ಇಲ್ಲ.

ಯುವಕರು ಇದನ್ನು ಓದಿ ನಗಬಹುದು. ಅವರಿಗೆ ಕಾಯುವುದೇ ಒಂದು ಸುಖ. ನಡುವಿನ ಎರಡು ವರ್ಷ ಊಹೆ, ವಾದ, ತುಣುಕುಚಿತ್ರಗಳ ಪರಿಶೀಲನೆಯಲ್ಲಿ ಕಳೆಯುತ್ತದೆ. ಅರ್ಥಶಾಸ್ತ್ರದಲ್ಲಿ ಡಿಸ್ಕೌಂಟ್ ದರವೆಂಬ ಪರಿಕಲ್ಪನೆಯಿದೆ. ಎರಡು ವರ್ಷದ ನಂತರ ಸಿಗುವ ನೂರು ರೂಪಾಯಿ ಇಂದಿನ ಎಷ್ಟಕ್ಕೆ ಸಮ ಎಂದು ಅಳೆಯುವ ಮಾನ ಅದು. ಸಿಗುವುದು ಖಚಿತವಿಲ್ಲದಿದ್ದರೆ, ಅಥವಾ ಪಡೆಯಲು ನಾವೇ ಇರುವುದು ಖಚಿತವಿಲ್ಲದಿದ್ದರೆ, ದರ ಏರುತ್ತದೆ, ನಾಳಿನ ನೂರು ಇಂದಿನ ಹತ್ತಕ್ಕೆ ಇಳಿಯುತ್ತದೆ. ಹದಿನಾರರ ಮೊಮ್ಮಗಳೂ ಅರವತ್ತೇಳರ ನಾನೂ ಅಕ್ಕಪಕ್ಕದ ಕುರ್ಚಿಗೆ ಒಂದೇ ಬೆಲೆ ಕೊಟ್ಟು ಅರ್ಧ ಚಿತ್ರ ನೋಡಿದಾಗ, ನಾವು ಕೊಂಡದ್ದು ಒಂದೇ ವಸ್ತುವಲ್ಲ. ಈ ಲೆಕ್ಕವನ್ನು ನಾನು ನಿವೃತ್ತಿಯ ಬಿಡುವಿನಲ್ಲಿ ಕುಳಿತು ಮಾಡಿದ್ದಲ್ಲ.

‘ಡ್ಯೂನ್’ನ ಎರಡನೆಯ ಭಾಗ 2023ರ ನವೆಂಬರಿಗೆ ನಿಗದಿಯಾಗಿತ್ತು. ಆ ವರ್ಷ ಹಾಲಿವುಡ್‌ನ ಬರಹಗಾರರೂ ನಟರೂ ಮುಷ್ಕರ ಹೂಡಿದರು. ಬಿಡುಗಡೆ 2024ರ ಮಾರ್ಚಿಗೆ ಹೋಯಿತು. ಮುಷ್ಕರಕ್ಕೆ ಕಾರಣಗಳಿದ್ದವು, ದುಡಿಯುವವರನ್ನು ನಾನು ದೂರುವುದಿಲ್ಲ. ನನ್ನ ಪತ್ನಿ ಡಿಸೆಂಬರಿನಲ್ಲಿ ತೀರಿಕೊಂಡಳು. ನವೆಂಬರಿನಲ್ಲಿ ಆಸ್ಪತ್ರೆಗೆ ಸೇರುವ ಮೊದಲು, ಪತ್ರಿಕೆಯಲ್ಲೆಲ್ಲೋ ಆ ಹುಡುಗನ ಚಿತ್ರ ಕಂಡು, “ಇನ್ನೂ ಬಂದಿಲ್ವಾ ಅದು?” ಎಂದು ಕೇಳಿದ್ದಳು. ಮಾರ್ಚಿಗೆ ಎಂದಿದ್ದೆ. ಆಗಲೂ ಕಥೆ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಮಾರ್ಚಿನಲ್ಲಿ ಮೊಮ್ಮಗಳು ಎಳೆದುಕೊಂಡು ಹೋದಳು. ಎರಡು ಗಂಟೆ ನಲವತ್ತಾರು ನಿಮಿಷ. ಚಿತ್ರ ಚೆನ್ನಾಗಿದೆ, ಮೊದಲನೆಯದಕ್ಕಿಂತ ಚೆನ್ನಾಗಿದೆ. ಮೊದಲನೆಯದು ಜಗತ್ತಿನಾದ್ಯಂತ ಸುಮಾರು 40 ಕೋಟಿ ಡಾಲರ್ ಗಳಿಸಿದ್ದರೆ ಇದು 70 ಕೋಟಿ ದಾಟಿತು, ಅದಕ್ಕೆ ಅರ್ಹವೂ ಹೌದು. ಪಾಲ್ ಮರಳಿನ ಬೃಹತ್ ಹುಳುವನ್ನೇರುವ ದೃಶ್ಯದಲ್ಲಿ ನಾನು ಕುರ್ಚಿಯ ತೋಳನ್ನು ಹಿಡಿದುಕೊಂಡೆ. ಮೂಲದಿಂದ ಕೆಲವನ್ನು ಬದಲಿಸಿದ್ದಾರೆ. ಕಾದಂಬರಿಯಲ್ಲಿ ಪಾಲ್‌ನ ಪುಟ್ಟ ತಂಗಿ ಹುಟ್ಟಿ, ಮಾತಾಡಿ, ಖಳನನ್ನು ಕೊಲ್ಲುತ್ತಾಳೆ. ಚಿತ್ರದಲ್ಲಿ ಅವಳು ತಾಯಿಯ ಗರ್ಭದಲ್ಲೇ ಇರುತ್ತಾಳೆ, ಕೊಲ್ಲುವ ಕೆಲಸ ಪಾಲ್‌ನದು. ದೊಡ್ಡ ಬದಲಾವಣೆ ಕೊನೆಯದು. ಸಿಂಹಾಸನಕ್ಕಾಗಿ ಪಾಲ್ ಚಕ್ರವರ್ತಿಯ ಮಗಳನ್ನು ಮದುವೆಯಾಗಲು ನಿರ್ಧರಿಸಿದಾಗ, ಅವನನ್ನು ಪ್ರೀತಿಸಿದ ಮರುಭೂಮಿಯ ಹೆಣ್ಣು ಚಾನಿ ಕಾದಂಬರಿಯಲ್ಲಿ ಅವನ ಬಳಿಯೇ ಉಳಿಯುತ್ತಾಳೆ. ಚಿತ್ರದಲ್ಲಿ ಅವಳು ಒಂದು ಮಾತೂ ಆಡದೆ ಹೊರನಡೆದು, ಹುಳುವನ್ನು ಕರೆದು, ತನ್ನ ದಾರಿ ಹಿಡಿಯುತ್ತಾಳೆ. ಹರ್ಬರ್ಟ್‌ನ ಕಟ್ಟಾ ಅಭಿಮಾನಿಗಳು ಇದನ್ನು ಒಪ್ಪಲಾರರು. ನನಗೆ ಒಪ್ಪಿಗೆಯಾಯಿತು. ಮೂವತ್ತೊಂಬತ್ತು ವರ್ಷ ಸಂಸಾರ ಮಾಡಿದವನಿಗೆ ಗೊತ್ತು, ಅವಳೂ ಚಾನಿಯ ಪಕ್ಷವನ್ನೇ ವಹಿಸುತ್ತಿದ್ದಳು. ಪುಸ್ತಕದ ಕೊನೆಯನ್ನು ಹೇಳಿದ್ದರೆ ನನ್ನ ಮೇಲೆಯೇ ರೇಗುತ್ತಿದ್ದಳು. ರೇಗಿಸಿಕೊಳ್ಳಬೇಕಿತ್ತು.

ಹರ್ಬರ್ಟ್‌ನ ಮುಂದಿನ ಕಾದಂಬರಿಯನ್ನು ಆಧರಿಸಿದ ಮೂರನೆಯ ಭಾಗವನ್ನು 2026ರ ಡಿಸೆಂಬರಿಗೆ ಘೋಷಿಸಿದ್ದಾರೆ. ಎಂ.ಎ. ದಿನಗಳಲ್ಲಿ ನಾನು ಅದನ್ನು ಓದಿರಲಿಲ್ಲ. ಈಗ ತರಿಸಿ ಓದಿ ಮುಗಿಸಿದ್ದೇನೆ, ಮೊದಲನೆಯದರಷ್ಟು ದಪ್ಪವೇನೂ ಇಲ್ಲ. ಬೆಳಗಿನ ವಾಯುವಿಹಾರದಲ್ಲಿ ಜೊತೆಯಾಗುವ ಇಬ್ಬರು ನಿವೃತ್ತ ಗೆಳೆಯರಿಗೆ ಕಥೆಯನ್ನು ಕೊನೆಯವರೆಗೆ, ಪಾಲ್ ಏನಾದ, ಚಾನಿ ಏನಾದಳು ಎಂಬುದನ್ನೆಲ್ಲ ಬಿಡಿಸಿ ಹೇಳಿದೆ. ಅದರಲ್ಲೊಬ್ಬರು ಮೊದಲೆರಡು ಚಿತ್ರಗಳನ್ನು ನೋಡಿಯೇ ಇಲ್ಲ, ಆದರೂ ಎರಡು ಸುತ್ತು ಹೆಚ್ಚಿಗೆ ನಡೆದು ಕೇಳಿಸಿಕೊಂಡರು. ಮೊಮ್ಮಗಳು ಮಾತ್ರ ನಾನು ಬಾಯಿ ತೆರೆದರೆ ಎರಡೂ ಕಿವಿ ಮುಚ್ಚಿಕೊಂಡು ಕೋಣೆಗೆ ಓಡುತ್ತಾಳೆ.